ಸ್ಲ್ಯಾಬಿನ ಬಿರುಕು: ಮೊದಲ ಕೆಲವು ಗಂಟೆಗಳ ಕೆಲಸ

ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆ ಮನೆ ಕಟ್ಟುವ ಕೆಲಸ ಮಾಡಿಸುತ್ತೇನೆ. ಸ್ಲ್ಯಾಬ್ ಹಾಕಿದ ಸಂಜೆಯೇ ಮೇಲೆ ಗೆರೆ ಕಂಡರೆ ಮನೆಯವರು ಮೊದಲು ಕೇಳುವುದು, "ಮೇಸ್ತ್ರಿಗಳೇ, ಸಿಮೆಂಟ್ ಕಡಿಮೆ ಆಯ್ತಾ?" ಅಷ್ಟು ಬೇಗ ಬರುವ ಬಿರುಕಿಗೆ ಹೆಚ್ಚಾಗಿ ಕಾರಣ ಸಿಮೆಂಟ್ ಅಲ್ಲ, ಗಾಳಿ ಮತ್ತು ಬಿಸಿಲು.

ಕಾಂಕ್ರೀಟ್ ಹಾಕಿದ ಮೇಲೆ ಜಲ್ಲಿ, ಮರಳು ಕೆಳಗೆ ಕೂತು ಸ್ವಲ್ಪ ನೀರು ಮೇಲೆ ಬರುತ್ತದೆ. ಹಾಗೆ ಬರುವುದಕ್ಕಿಂತ ಆರಿಹೋಗುವುದು ಜಾಸ್ತಿಯಾದರೆ ಮೇಲ್ಪದರ ಕುಗ್ಗುತ್ತದೆ. ಇನ್ನೂ ಹಸಿಯಾಗಿರುವ ಕಾಂಕ್ರೀಟಿಗೆ ಆ ಎಳೆತ ತಡೆಯುವ ಶಕ್ತಿ ಇಲ್ಲ, ಸೀಳುತ್ತದೆ. ಚದರ ಮೀಟರಿನಿಂದ ಗಂಟೆಗೆ 1 ಕೆಜಿ ನೀರು ಆರಿದರೆ ಎಚ್ಚರ ಬೇಕು ಎಂದು ಎಂಜಿನಿಯರುಗಳು ಹೇಳುತ್ತಾರೆ. ನಮ್ಮಲ್ಲಿ ಎಷ್ಟೇ ಸೆಕೆಯಿದ್ದರೂ ಮಧ್ಯಾಹ್ನ ಕಡಲ ಗಾಳಿ ಎದ್ದರೆ ತಾರಸಿ ಬೇಗ ಆರುತ್ತದೆ.

ಅದಕ್ಕೇ ನಾನು ಬೆಳಕು ಹರಿಯುವಾಗಲೇ ಮಿಕ್ಸರ್ ಶುರು ಮಾಡಿಸುತ್ತೇನೆ. ಮುರಕಲ್ಲಿನ (ನೀರು ಹೀರುವ ಕೆಂಪು ಕಲ್ಲು) ಗೋಡೆಯ ತಲೆಗೆ ಮೊದಲೇ ನೀರು ಕುಡಿಸಬೇಕು, ಇಲ್ಲದಿದ್ದರೆ ಅದು ಕಾಂಕ್ರೀಟಿನ ನೀರನ್ನೇ ಎಳೆಯುತ್ತದೆ. ಒಂದು ಚೀಲ ಸಿಮೆಂಟಿಗೆ ಮರಳಿನ ತೇವವೂ ಸೇರಿ 25 ಲೀಟರ್ ದಾಟಲು ಬಿಡುವುದಿಲ್ಲ. ಸುರಿಯಲು ಸುಲಭ ಅಂತ ಸುಮ್ನೆ ನೀರು ಸೇರಿಸಿದರೆ ಕುಗ್ಗುವುದೂ ಜಾಸ್ತಿ.

ಮಟ್ಟ ಮಾಡಿದ ಮೇಲೆ ನಾನು ಅಲ್ಲಿಂದ ಕದಲುವುದಿಲ್ಲ. ಮೇಲಿನ ನೀರಿನ ಹೊಳಪು ಮಾಯವಾಗುವುದನ್ನೇ ನೋಡುತ್ತಿರುತ್ತೇನೆ. ಬೇಗ ಮಾಯವಾಗುತ್ತಿದ್ದರೆ, ತೋಟದ ಸ್ಪ್ರೇಯರ್ ಚೆನ್ನಾಗಿ ತೊಳೆದು ಮಂಜಿನಂತೆ ನೀರು ಬಿಡಿಸುತ್ತೇನೆ. ಆ ನೀರನ್ನು ಕರಣೆಯಿಂದ ಒಳಗೆ ಉಜ್ಜಬಾರದು. ಆಗಲೇ ಗೆರೆ ಬಿದ್ದಿದ್ದರೆ, ಕಾಂಕ್ರೀಟ್ ಮೆತ್ತಗಿರುವಾಗಲೇ ಮರದ ಹಲಗೆಯಿಂದ ತಟ್ಟಿ ಮುಚ್ಚಬೇಕು. ಮೇಲೆ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ. ಆ ಪದರವೇ ಮತ್ತೆ ಬಿರಿಯುತ್ತದೆ.

ಕಂಬಿಯ ನೇರಕ್ಕೇ ಗೆರೆ ಬಂದರೆ ಅದು ಬೇರೆ ಕಥೆ. ಸುತ್ತಲಿನ ಕಾಂಕ್ರೀಟ್ ಕೆಳಗೆ ಕೂತಿದೆ, ಕಂಬಿ ಮೇಲಿನದು ಕೂರಲಿಲ್ಲ. ಗಟ್ಟಿಯಾಗುವ ಮೊದಲು ಅಲ್ಲಿ ಇನ್ನೊಮ್ಮೆ ವೈಬ್ರೇಟರ್ (ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಯಂತ್ರ) ಹಿಡಿದರೆ ಕೂಡಿಕೊಳ್ಳುತ್ತದೆ.

ಫಿನಿಶ್ ಆದಷ್ಟು ಭಾಗಕ್ಕೆ ಕೂಡಲೇ ಪ್ಲಾಸ್ಟಿಕ್ ಶೀಟ್ ಹೊದಿಸಿ, ಅಂಚಿಗೆ ಹಲಗೆ ಇಡುತ್ತೇವೆ. ಗಟ್ಟಿಯಾದ ಮೇಲೆ ಒದ್ದೆ ಗೋಣಿ, ಮರುದಿನ ಸುತ್ತ ಕಟ್ಟ ಕಟ್ಟಿ ಒಳಗೆ ನೀರು. ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಅಂದರೆ ಒದ್ದೆಯಾಗಿಡಬೇಕು. ನಾನು 14 ದಿನ ನೀರು ನಿಲ್ಲಿಸುತ್ತೇನೆ. ಆದರೆ ಮೊದಲ ಸಂಜೆ ಬಿದ್ದ ಬಿರುಕನ್ನು ಈ ನೀರು ಮುಚ್ಚುವುದಿಲ್ಲ. ಹಾಗಾಗಿ ಹೊದಿಸುವ ಪ್ಲಾಸ್ಟಿಕ್ ಶೀಟ್ ತಾರಸಿಗೆ ಬಂದಿದೆಯೇ ಎಂದು ನೋಡಿದ ಮೇಲೆಯೇ ನಾನು ಮಿಕ್ಸರ್ ಶುರು ಮಾಡಲು ಹೇಳುವುದು.