ಜಂಬೂ ಸವಾರಿ ಬಿಟ್ಟು ದಸರಾ ನೋಡಿದೆವು

2022ರ ವಿಜಯದಶಮಿಯ ದಿನ ಬೆಳಗ್ಗೆ ಹತ್ತೂವರೆಗೇ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬೆಡ್‌ಶೀಟ್ ಹಾಸಿ ಜಾಗ ಹಿಡಿದಿದ್ದೆವು. ಮಗಳಿಗೆ ಆಗ ನಾಲ್ಕು ವರ್ಷ, ಮಗ ಎಂಟು ತಿಂಗಳ ಕೂಸು. ಮಧ್ಯಾಹ್ನದ ಹೊತ್ತಿಗೆ ಹಿಂದೆ ಮುಂದೆ ಜನ ತುಂಬಿಹೋಗಿ ಅಲುಗಾಡೋಕೆ ಜಾಗ ಇರಲಿಲ್ಲ. ಕೂಸಿಗೆ ಹಾಲು ಕುಡಿಸೋಕೆ ಮರೆ ಇಲ್ಲ, ಮಗಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದರೆ ವಾಪಸ್ ಬರೋ ದಾರಿ ಇಲ್ಲ. ಅವಳು ತಡೆದುಕೊಂಡೇ ಕೂತಿದ್ದಳು. ಐದು ಗಂಟೆ ದಾಟಿದ ಮೇಲೆ ಅಂಬಾರಿ ಹೊರಟಿತು ಎಂದು ಜನ ಎದ್ದು ನಿಂತರು. ಅಷ್ಟರಲ್ಲಿ ಮಗಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಿದೆವು. ಬೆಚ್ಚಿಬಿದ್ದು, ಜನರ ಕೂಗಿಗೆ ಕಿವಿ ಮುಚ್ಚಿಕೊಂಡು ಅತ್ತಳು. ಮರುದಿನ ಬೆಳಗ್ಗೆ ಕಣ್ಣು ಬಿಟ್ಟವಳೇ ಕೇಳಿದಳು: "ಅಮ್ಮಾ, ಆನೆ ಬಂತಾ?"

ಆ ಪ್ರಶ್ನೆ ಎರಡು ವರ್ಷ ನನ್ನ ಮನಸ್ಸಿನಿಂದ ಹೋಗಲಿಲ್ಲ. 2024ರಲ್ಲಿ ಮತ್ತೆ ಹೊರಟಾಗ ನಾನೂ ನಮ್ಮನೆಯವರೂ ಮೊದಲು ತೀರ್ಮಾನ ಮಾಡಿದ್ದೇ ಇದು: ಈ ಸಲ ಜಂಬೂ ಸವಾರಿಗೆ ನಿಲ್ಲುವುದಿಲ್ಲ. ದಸರಾ ಅಂದರೆ ಹತ್ತು ದಿನ. ಕೊನೆಯ ದಿನದ ಆ ಕೆಲವು ಗಂಟೆಗಳನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಮಕ್ಕಳ ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತದೆ. ಆ ವರ್ಷ ನವರಾತ್ರಿ ಅಕ್ಟೋಬರ್ 3ಕ್ಕೆ ಶುರು, 12ಕ್ಕೆ ವಿಜಯದಶಮಿ. ನಾವು 4ನೇ ತಾರೀಖು ಶುಕ್ರವಾರ ಶಿವಮೊಗ್ಗದಿಂದ ಹೊರಟು 7ನೇ ತಾರೀಖು ಸೋಮವಾರ ವಾಪಸ್ ಬಂದೆವು. ಮೊದಲ ದಿನ ಅರಮನೆಯಲ್ಲಿ ಖಾಸಗಿ ದರ್ಬಾರಿನ ಕಟ್ಟುಪಾಡು ಇರುತ್ತದೆ, ಉದ್ಘಾಟನೆಗೆ ಚಾಮುಂಡಿ ಬೆಟ್ಟದಲ್ಲೂ ನೂಕುನುಗ್ಗಲು. ಹಾಗಾಗಿ ಆ ದಿನವನ್ನು ಬೇಕೆಂದೇ ಬಿಟ್ಟೆವು.

ಹಿಂದಿನ ಸಲ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿ ಮುಂಗಡ ಕೊಟ್ಟು ರೂಮು ಹೇಳಿದ್ದೆವು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟಾಗಿತ್ತು. ರಾತ್ರಿ ಹತ್ತು ಗಂಟೆಗೆ ಮಲಗಿದ ಕೂಸನ್ನು ಎತ್ತಿಕೊಂಡು ರೂಮು ಹುಡುಕುತ್ತಾ ಅಲೆದಿದ್ದೆವು. ಈ ಸಲ ಪರಿಚಯದವರ ಮೂಲಕ ಸರಸ್ವತೀಪುರಂನಲ್ಲಿ ಒಂದು ಮನೆಯ ಮಹಡಿ ಸಿಕ್ಕಿತು. ಅಲ್ಲಿದ್ದ ಸಣ್ಣ ಅಡುಗೆಮನೆ ನಮಗೆ ಊರಿನ ಬೇರೆಲ್ಲ ಸೌಕರ್ಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಬೆಳಗ್ಗೆ ಗಂಜಿ, ರಾತ್ರಿ ಅನ್ನ ಮೊಸರು, ಮಗನ ಹಾಲು ಯಾವುದಕ್ಕೂ ಯಾರನ್ನೂ ಕೇಳಬೇಕಾಗಲಿಲ್ಲ. ನಮ್ಮ ಜೊತೆ ಹೊರಟಿದ್ದ ಅತ್ತೆ, ಮನೆಯಿಂದಲೇ ಚಟ್ನಿಪುಡಿ, ತುಪ್ಪ, ಒಂದು ಸೇರು ಅಕ್ಕಿ ಕಟ್ಟಿಕೊಂಡು ಬಂದಿದ್ದರು. ಮಕ್ಕಳ ಜೊತೆ ಊರೂರು ತಿರುಗುವವರು ಮೂರು ಹೊತ್ತೂ ಹೋಟೆಲನ್ನೇ ನಂಬಬಾರದು ಅನ್ನುವುದು ಅವರ ಮಾತು. ಸಣ್ಣವನ ಹೊಟ್ಟೆ ನಾಲ್ಕೂ ದಿನ ಒಂದು ಸಲವೂ ಕೆಡದಿದ್ದುದಕ್ಕೆ ನಾನು ಆ ಚಟ್ನಿಪುಡಿ ಡಬ್ಬಿಯನ್ನೇ ನೆನೆಯುತ್ತೇನೆ.

ಹೊರಡುವ ಹಿಂದಿನ ರಾತ್ರಿ ಅತ್ತೆ ಇನ್ನೊಂದು ಕೆಲಸ ಮಾಡಿದರು. ಜನಜಂಗುಳಿಯಲ್ಲಿ ಮಕ್ಕಳು ತಪ್ಪಿಹೋದರೆ ಅಂತ ನಾನು ಬಾಲ್‌ಪೆನ್ನಿನಲ್ಲಿ ಮಗಳ ಕೈ ಮೇಲೆ ಫೋನ್ ನಂಬರ್ ಬರೆಯೋಕೆ ಕೂತಿದ್ದೆ. "ಬೆವರಿಗೆ ಅದು ಎಷ್ಟು ಹೊತ್ತು ನಿಲ್ತದೆ? ಕೊಡು ಇಲ್ಲಿ" ಅಂದು, ಹಬ್ಬಕ್ಕೆ ಅರೆದಿಟ್ಟಿದ್ದ ಗೋರಂಟಿಯನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಮುಂಗೈಯ ಒಳಭಾಗದಲ್ಲಿ ಹತ್ತು ಅಂಕಿ ಬರೆದರು. ಸುತ್ತ ಒಂದು ಬಳ್ಳಿ, ಕೊನೆಯಲ್ಲಿ ಒಂದು ಹೂವು. ಬೆಳಗ್ಗೆ ಕೆಂಪಗೆ ಹತ್ತಿತ್ತು. ಮಗ ಒಂದು ನಿಮಿಷ ಕೂರಲಿಲ್ಲ. ಅವನ ಅಂಗಿಗಳ ಕಾಲರ್ ಒಳಗೆ ನಂಬರ್ ಬರೆದ ಬಟ್ಟೆಪಟ್ಟಿ ಹೊಲಿದೆ.

ಶಿವಮೊಗ್ಗದಿಂದ ರೈಲು ಅರಸೀಕೆರೆ, ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುತ್ತದೆ. ಕಾರಿನಲ್ಲಿ ಹೋಗಬಹುದಿತ್ತು. ಆದರೆ ರೈಲಿನಲ್ಲಿ ಮಗ ಸೀಟಿನಿಂದ ಸೀಟಿಗೆ ಓಡಾಡುತ್ತಾನೆ, ಶೌಚಾಲಯ ಇರುತ್ತದೆ, ಹಬ್ಬದ ದಿನಗಳಲ್ಲಿ ಮೈಸೂರಿನೊಳಗೆ ಗಾಡಿ ನಿಲ್ಲಿಸೋ ಪರದಾಟವೂ ಇಲ್ಲ. ಹೋದ ದಿನ ಏನೂ ನೋಡಲಿಲ್ಲ. ಮಕ್ಕಳನ್ನು ಎಂಟು ಗಂಟೆಗೆ ಮಲಗಿಸಿದೆವು. ಅದು ಮರುದಿನದ ಬೆಳಗಿಗೋಸ್ಕರ.

ನಾವು ಜಂಬೂ ಸವಾರಿಯ ಬದಲು ಆರಿಸಿಕೊಂಡದ್ದು ಆನೆಗಳ ತಾಲೀಮು. ದಸರಾ ಆನೆಗಳು ಹಬ್ಬಕ್ಕೆ ವಾರಗಟ್ಟಲೆ ಮುಂಚೆಯೇ ಕಾಡಿನ ಶಿಬಿರಗಳಿಂದ ಬಂದು ಅರಮನೆಯ ಅಂಗಳದಲ್ಲಿ ಬೀಡು ಬಿಡುತ್ತವೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್, ಅಂಬಾರಿ ಹೋಗುವ ಅದೇ ದಾರಿಯಲ್ಲಿ ಅವುಗಳನ್ನು ನಡೆಸುತ್ತಾರೆ. 750 ಕಿಲೋ ತೂಕದ ಅಂಬಾರಿ ಹೊರಬೇಕಾದ ಆನೆಗೆ ಮರಳಿನ ಮೂಟೆ ಹೊರಿಸಿ ಭಾರ ರೂಢಿ ಮಾಡಿಸುವುದು, ಜನ, ಗಾಡಿ, ಸದ್ದು ರೂಢಿ ಮಾಡಿಸುವುದು ಎಲ್ಲ ಈ ತಾಲೀಮಿನಲ್ಲೇ. ಇದಕ್ಕೆ ಟಿಕೆಟ್ ಇಲ್ಲ, ಪಾಸ್ ಇಲ್ಲ. ಬೆಳಗ್ಗೆ ಏಳು ಗಂಟೆಗೆ ಆಟೋ ಹಿಡಿದು ಆಯುರ್ವೇದ ಕಾಲೇಜು ವೃತ್ತದ ಹತ್ತಿರ ಇಳಿದು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ನಿಂತೆವು. ಹಾಲಿನ ಗಾಡಿ, ಪೇಪರ್ ಹುಡುಗರು, ವಾಕಿಂಗ್ ಹೊರಟ ಹಿರಿಯರು ಬಿಟ್ಟರೆ ಅಲ್ಲಿ ನಾವೇ.

ಮೊದಲು ಕೇಳಿಸಿದ್ದು ಸರಪಳಿಯ ಸದ್ದು. ಆಮೇಲೆ ಮುಂದೆ ಅಭಿಮನ್ಯು, ಹಿಂದೆ ಸಾಲಾಗಿ ಉಳಿದವು. 2020ರಿಂದ ಅಂಬಾರಿ ಹೊರುತ್ತಿದ್ದವನು ಅವನೇ. ಐದು ಸಾವಿರ ಕಿಲೋ ದಾಟಿದ ಆನೆ ಡಾಂಬರಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸದ್ದೇ ಇಲ್ಲ, ಒದ್ದೆ ಗೋಣಿಚೀಲ ನೆಲಕ್ಕೆ ತಾಗಿದ ಹಾಗೆ ಒಂದು ಮೆತ್ತನೆಯ ಸಪ್ಪಳ ಅಷ್ಟೆ. ನಮ್ಮ ಊರಿನ ಹತ್ತಿರ ಸಕ್ರೆಬೈಲಿನ ಆನೆ ಬಿಡಾರ ಇರುವುದರಿಂದ ನಮ್ಮ ಮಕ್ಕಳಿಗೆ ಆನೆ ಹೊಸದಲ್ಲ. ಆದರೂ ಊರಿನ ರಸ್ತೆಯಲ್ಲಿ, ಕರೆಂಟ್ ಕಂಬದ ಪಕ್ಕದಲ್ಲಿ ಅಷ್ಟು ಆನೆ ಒಂದರ ಹಿಂದೊಂದು ಹೋಗುವುದನ್ನು ಕಂಡು ಮಗಳು ನನ್ನ ಸೆರಗು ಹಿಡಿದುಕೊಂಡು ಉಸಿರೇ ಬಿಡದೆ ನಿಂತಿದ್ದಳು. ಮಗ ಒಂದೊಂದಕ್ಕೂ "ಟಾಟಾ" ಮಾಡಿದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮಕ್ಕಳು ಎಚ್ಚರವಾಗಿದ್ದರು, ಹೊಟ್ಟೆ ತುಂಬಿತ್ತು, ಯಾರೂ ಅಳಲಿಲ್ಲ.

ಒಂದು ಮಾತು ಹೇಳಲೇಬೇಕು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಧನಂಜಯ, ಕಂಜನ್ ಅನ್ನುವ ಎರಡು ಆನೆ ಜಗಳವಾಡಿಕೊಂಡು ಅರಮನೆ ಬಾಗಿಲು ದಾಟಿ ರಸ್ತೆಗೇ ಬಂದಿದ್ದವು. ಅದಕ್ಕೇ ನಾವು ರಸ್ತೆಯ ಅಂಚಿಗೆ ಹೋಗದೆ ಎತ್ತರದ ಮೆಟ್ಟಿಲು ಹುಡುಕಿದ್ದು. ಫೋಟೋಗಾಗಿ ಮಕ್ಕಳನ್ನು ಆನೆಯ ಪಕ್ಕಕ್ಕೆ ತಳ್ಳುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ತಿಂಡಿ ಮುಗಿಸಿ ಅರಮನೆಗೆ ಹೋದೆವು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಗಿ, ಈಗಿನದು 1912ರಲ್ಲಿ ಮುಗಿದದ್ದು ಎಂದು ನಮ್ಮನೆಯವರು ಮಗಳಿಗೆ ಹೇಳುತ್ತಿದ್ದರು, ಅವಳ ಕಣ್ಣು ಮಾತ್ರ ಗೊಂಬೆತೊಟ್ಟಿಯ ಮೇಲೇ. ಒಳಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಇರಲಿಲ್ಲ. ಹೊರಗೆ ಬಂದಾಗ ಹಗ್ಗ ಕಟ್ಟಿದ ಆಚೆ ದೂರದಲ್ಲಿ ಆನೆಗಳ ಬಿಡಾರ ಕಾಣಿಸಿತು. ಮಾವುತನಿಗೆ ಸಹಾಯಕನಾದ ಒಬ್ಬ ಕಾವಾಡಿ ನೆಲದ ಮೇಲೆ ಕೂತು ಕುಸುರೆ ಕಟ್ಟುತ್ತಿದ್ದ. ಒಂದು ಹಿಡಿ ಭತ್ತದ ಹುಲ್ಲನ್ನು ಹರಡಿ, ಮಧ್ಯೆ ಭತ್ತ ಸುರಿದು, ಒಂದು ಅಚ್ಚು ಬೆಲ್ಲ, ಎರಡು ಹೋಳು ತೆಂಗಿನಕಾಯಿ ಇಟ್ಟು, ಹುಲ್ಲನ್ನು ಸುತ್ತ ಮಡಚಿ, ಅದೇ ಹುಲ್ಲಿನ ಎಳೆಯಿಂದ ಬಿಗಿದು ಗಂಟು ಹಾಕಿ ಪಕ್ಕಕ್ಕೆ ಇಡುತ್ತಿದ್ದ. ಒಂದಾದ ಮೇಲೆ ಒಂದು. ಆನೆ ಸೊಂಡಿಲಿನಲ್ಲಿ ಇಡೀ ಕಟ್ಟನ್ನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮಗ ನನ್ನ ಸೊಂಟದಿಂದ ಇಳಿಯದೆ ಅದನ್ನು ಎಷ್ಟೋ ಹೊತ್ತು ನೋಡಿದ. "ಆನೆಗೆ ಉಂಡೆ" ಅಂದ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪ್ರತಿದಿನ ಮನೆ. ಊಟ, ನಿದ್ದೆ. ನಾಲ್ಕು ದಿನದ ಪ್ರವಾಸದಲ್ಲಿ ದಿನಾ ಮೂರು ಗಂಟೆ ಮಲಗಿ ಕಳೆಯುವುದಾ ಎಂದು ಮೊದಲು ನನಗೇ ಹೊಟ್ಟೆ ಉರಿದಿತ್ತು. ಆದರೆ ಆ ನಿದ್ದೆ ಆಗಿದ್ದರಿಂದಲೇ ಸಂಜೆಯ ದೀಪ ನೋಡೋಕೆ ಮಕ್ಕಳಿಗೆ ಚೈತನ್ಯ ಉಳಿಯುತ್ತಿತ್ತು.

ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಉಳಿದ ದಿನಗಳಲ್ಲಿ ಮುಖ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಹಚ್ಚುತ್ತಾರೆ, ದಸರೆಯಲ್ಲಿ ದಿನಾ. ಒಳಗಿನ ಸಂಗೀತ ಕಚೇರಿಯ ಗದ್ದಲಕ್ಕೆ ಹೋಗದೆ ನಾವು ಪೂರ್ವದ ಜಯಮಾರ್ತಾಂಡ ದ್ವಾರದ ಹೊರಗೆ ನಿಂತೆವು. ಅರಮನೆಯ ಮುಖ ಪೂರ್ವಕ್ಕೇ ಇರುವುದರಿಂದ ಬಾಗಿಲ ಕಮಾನಿನೊಳಗಿಂದ ನೇರವಾಗಿ ಕಾಣುತ್ತದೆ. ಕತ್ತಲಲ್ಲಿ ಬೂದುಬಣ್ಣದ ಗೋಪುರ ನೋಡುತ್ತಾ ನಿಂತಿದ್ದಂತೆ ಒಂದೇ ಕ್ಷಣಕ್ಕೆ ಎಲ್ಲ ಹತ್ತಿಕೊಂಡಿತು. ಸುತ್ತಲಿದ್ದ ಜನರೆಲ್ಲ ಒಟ್ಟಿಗೆ "ಹಾ" ಅಂದರು. ಮಗಳ ಮುಖದ ಮೇಲೆ ಬಿದ್ದ ಆ ಹಳದಿ ಬೆಳಕನ್ನೇ ನಾನು ನೋಡುತ್ತಿದ್ದೆ, ಅರಮನೆಯನ್ನಲ್ಲ.

ಅಲ್ಲಿಂದ ಹಾಗೇ ಮನೆಗೆ ಹೋಗಬೇಕಿತ್ತು. ಎದುರಿಗೇ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ, ಮಗಳಿಗೆ ಜೈಂಟ್ ವ್ಹೀಲ್ ನೋಡುವ ಆಸೆ. ಒಳಗೆ ಹೋಗಿ ಅರ್ಧ ಗಂಟೆ ಆಗಿರಲಿಲ್ಲ. ಬಳೆ ಅಂಗಡಿಯಲ್ಲಿ ನಾನು ದುಡ್ಡು ಕೊಡೋಕೆ ಕೈ ಬಿಟ್ಟೆ, ತಿರುಗಿ ನೋಡಿದರೆ ಅವಳಿಲ್ಲ. ಆ ಕೆಲವು ನಿಮಿಷ ಹೇಗಿತ್ತು ಎಂದು ಬರೆಯೋಕೆ ಇವತ್ತಿಗೂ ಕೈ ನಡುಗುತ್ತದೆ. ನಮ್ಮನೆಯವರು ಒಂದು ಕಡೆ ಓಡಿದರು, ನಾನು ಇನ್ನೊಂದು ಕಡೆ. ಫೋನ್ ಬಂತು. "ನಿಮ್ಮ ಮಗು ನಮ್ಮ ಹಪ್ಪಳದ ಅಂಗಡಿ ಹತ್ರ ಇದೆ ಕಣಮ್ಮ, ಗಾಬರಿಯಾಗಬೇಡಿ. ಅಳ್ತಾ ಕೈ ತೋರಿಸ್ತು, ಗೋರಂಟಿಯಲ್ಲಿ ನಂಬರ್ ಇತ್ತು." ಹೋಗಿ ನೋಡಿದರೆ ಆ ತಾಯಿ ಅವಳಿಗೆ ಒಂದು ಹಪ್ಪಳ ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದ್ದರು. ತಪ್ಪಿಸಿಕೊಂಡರೆ ಓಡಬಾರದು, ಅಂಗಡಿಯಲ್ಲಿ ಕೂತ ಅಮ್ಮನಿಗೋ ಪೊಲೀಸಿನವರಿಗೋ ಕೈ ತೋರಿಸಬೇಕು ಅಂತ ರೈಲಿನಲ್ಲಿ ನಾಲ್ಕೈದು ಸಲ ಹೇಳಿಕೊಟ್ಟಿದ್ದೆವು. ಆಮೇಲೆ ಸಂಜೆಗೆ ಒಂದೇ ಜಾಗ. ಎರಡನೆಯದನ್ನು ಎಷ್ಟೇ ಹಟ ಮಾಡಿದರೂ ಸೇರಿಸಲಿಲ್ಲ.

ಭಾನುವಾರ ಬೆಳಗ್ಗೆ ಮೃಗಾಲಯ. 1892ರಿಂದ ಇರುವ ಜಾಗ, ಮರಗಳ ನೆರಳು ಚೆನ್ನಾಗಿದೆ, ಆದರೆ ಒಂದು ಸುತ್ತು ಬರುವುದು ಮಕ್ಕಳ ಕಾಲಿಗೆ ಬಹಳ ದೂರ. ಬಾಗಿಲು ತೆರೆಯುವ ಎಂಟೂವರೆಗೇ ಹೋಗಿ ಜಿರಾಫೆ, ಗೊರಿಲ್ಲಾ, ಆನೆ ಇಷ್ಟನ್ನೇ ಆರಿಸಿಕೊಂಡು ಹತ್ತೂವರೆಯ ಹೊತ್ತಿಗೆ ಹೊರಗೆ ಬಂದೆವು. ಆಗ ಟಿಕೆಟ್ ಸಾಲು ರಸ್ತೆಯವರೆಗೆ ಬೆಳೆದಿತ್ತು. ಪ್ಲಾಸ್ಟಿಕ್ ಬಿಡುವುದಿಲ್ಲ, ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ ಒಯ್ಯಿರಿ.

ಅದೇ ಸಂಜೆ ನಮಗೆ ಸಿಕ್ಕಿದ್ದನ್ನು ನಾನು ಯೋಜಿಸಿರಲೇ ಇಲ್ಲ. ಕೆಳಗಿನ ಮನೆಯ ಅಜ್ಜಿ ಗೊಂಬೆ ಕೂರಿಸಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ಶೆಟ್ಟಿ ಮತ್ತು ಶೆಟ್ಟಮ್ಮ ಅಂಗಡಿ ಇಟ್ಟುಕೊಂಡು ಕೂತಿದ್ದರು. ತಟ್ಟೆಯಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ. ಪಟ್ಟದ ಗೊಂಬೆ ತಮ್ಮ ಮದುವೆಯಲ್ಲಿ ತವರಿನಿಂದ ಬಂದದ್ದೆಂದು ಅಜ್ಜಿ ರಾಣಿಯ ಸೀರೆ ಸರಿಮಾಡುತ್ತಾ ಹೇಳಿದರು. ಬೀದಿಯ ಮಕ್ಕಳು ಗುಂಪಾಗಿ ಬಂದು ಬಾಗಿಲಲ್ಲಿ "ಗೊಂಬೆ ಕೂರ್ಸಿದೀರಾ?" ಅಂತ ಕೂಗಿದವು. ಮಗಳೂ ಅವರ ಜೊತೆ ಸೇರಿ ನಾಲ್ಕು ಮನೆ ಹೋಗಿಬಂದಳು, ನಾನು ಹಿಂದೆಯೇ. ಒಂದೊಂದು ಮನೆಯಲ್ಲೂ ಗೊಂಬೆ ಬಾಗಿನ: ಒಂದು ಕಡೆ ರವೆ ಉಂಡೆ, ಒಂದು ಕಡೆ ಕೋಡುಬಳೆ, ಇನ್ನೊಂದು ಕಡೆ ಹುರಿಗಡಲೆ ಸಕ್ಕರೆ. ಹೆಸರು ಗೊತ್ತಿಲ್ಲದ ಮಕ್ಕಳು ಅರ್ಧ ಗಂಟೆಯಲ್ಲಿ ಗೆಳೆಯರಾದರು. ಮೈಸೂರಿನ ದಸರಾ ಬೀದಿಗಿಂತ ಮನೆಯೊಳಗೇ ಹೆಚ್ಚು ಇದೆ ಅಂತ ನನಗೆ ಆ ಸಂಜೆ ಅನ್ನಿಸಿತು. ಪರಿಚಯದವರು ಇದ್ದರೆ ಸಂಕೋಚ ಬಿಟ್ಟು ಕೇಳಿ, ಗೊಂಬೆ ಕೂರಿಸಿದವರಿಗೆ ನೋಡೋಕೆ ಮಕ್ಕಳು ಬಂದಷ್ಟೂ ಸಂತೋಷ.

ಸೋಮವಾರ ನಸುಕಿನಲ್ಲಿ ಅತ್ತೆಯೂ ನಮ್ಮನೆಯವರೂ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ತಾಯಿಯ ದರ್ಶನ ಮಾಡಿ ಬಂದರು. ನಾನು ಮಕ್ಕಳನ್ನು ಮಲಗೋಕೆ ಬಿಟ್ಟೆ. ಮಧ್ಯಾಹ್ನದ ರೈಲು ಹತ್ತಿದೆವು.

ವಿಜಯದಶಮಿಯ ಸಂಜೆ ಶಿವಮೊಗ್ಗದ ಮನೆಯಲ್ಲಿ ಟಿವಿ ಹಾಕಿದೆವು. ಇಪ್ಪತ್ತೊಂದು ಕುಶಾಲತೋಪು ಹಾರಿ, ಅಂಬಾರಿ ಹೊತ್ತ ಅಭಿಮನ್ಯು ನಿಧಾನವಾಗಿ ಹೆಜ್ಜೆ ಹಾಕಿದ. "ಅಮ್ಮಾ, ನಾವು ನಿಂತಿದ್ದ ಮೆಟ್ಟಿಲು ಯಾವಾಗ ಬರತ್ತೆ?" ಎಂದು ಮಗಳು ಟಿವಿಗೆ ಅಂಟಿಕೊಂಡು ಕೂತಳು, ಕೈ ಮೇಲಿನ ನಂಬರ್ ಇನ್ನೂ ತಿಳಿಗೆಂಪಾಗಿ ಉಳಿದಿತ್ತು. ಮಗ ಅಡುಗೆಮನೆಗೆ ಹೋಗಿ ಅತ್ತೆಯ ಸೆರಗು ಎಳೆದ. "ಅಜ್ಜಿ, ಆನೆ ಉಂಡೆ ತಿಂತಾ?"

"ತಿಂದಿದೆ ಮಗಾ, ಬೆಲ್ಲ ಹಾಕಿದ್ದನ್ನೇ ತಿಂದಿದೆ" ಅಂದರು ಅತ್ತೆ, ಅವನ ಕೈಗೂ ಒಂದು ಚೂರು ಬೆಲ್ಲ ಕೊಡುತ್ತಾ.