ತಾಂಡಾದ ಮಕ್ಕಳೊಂದಿಗೆ ನಾನು ಕಂಡುಕೊಂಡ ದಾರಿ

ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾವೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ ಮಕ್ಕಳು ಬರುತ್ತಾರೆ. ಮನೆಮಾತು ಲಂಬಾಣಿ, ಹೆಚ್ಚಿನವರ ಕಿವಿಗೆ ಕನ್ನಡ ದಿನವಿಡೀ ಬೀಳುವುದು ನಮ್ಮಲ್ಲಿಗೆ ಬಂದ ಮೇಲೆಯೇ. ಇಂಥ ಮಗುವಿನ ಹೆಸರಿನ ಮುಂದೆ ‘ಮಾತು ನಿಧಾನ’ ಎಂದು ಬರೆದುಬಿಡುವುದು ಬಹಳ ಸುಲಭ. ಬರೆಯುವ ಮೊದಲು ನಾನು ಅದರ ಮನೆಗೆ ಹೋಗಿ ಕೂರುತ್ತೇನೆ. ಕೇಂದ್ರದಲ್ಲಿ ತುಟಿ ಬಿಚ್ಚದ ಹುಡುಗಿ ಅಂಗಳದಲ್ಲಿ ಆಡಿನ ಮರಿಗಳನ್ನು ಗದರಿಸುತ್ತ, ಅಜ್ಜಿಯೊಂದಿಗೆ ವಾದಕ್ಕಿಳಿದಿರುತ್ತಾಳೆ.

ನಮ್ಮ ಸಹಾಯಕಿ ತಾಂಡಾದವರೇ. ಬೆಳಗಿನ ಮಾತುಕತೆಯನ್ನು ಅವರಿಗೇ ಬಿಟ್ಟುಕೊಟ್ಟೆ. ರಾತ್ರಿ ಏನು ಉಂಡಿರಿ, ಮನೆಗೆ ಯಾರು ಬಂದಿದ್ದರು ಎಂದು ಅವರು ಲಂಬಾಣಿಯಲ್ಲಿ ಕೇಳುತ್ತಾರೆ. ಮಕ್ಕಳು ಹೇಳಿದ್ದನ್ನೇ ನಾನು ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತೇನೆ. ಸುದ್ದಿ ಅವರದೇ ಆದ್ದರಿಂದ ಕನ್ನಡ ತಾನಾಗಿಯೇ ತಿಳಿಯುತ್ತದೆ.

ಎಣಿಕೆಗೆ ಚೌಕಾಬಾರ ತಂದೆ. ನಾಲ್ಕು ಕವಡೆ ಚೆಲ್ಲಿ, ಎಷ್ಟು ಅಂಗಾತ ಬಿದ್ದವು ನೋಡಿ, ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಬೋರಲಾದರೆ ಎಂಟು. ನಾಲ್ಕು ವರ್ಷದವರನ್ನು ಆರು ವರ್ಷದವರ ಪಕ್ಕ ಕೂರಿಸುತ್ತೇನೆ. ದೊಡ್ಡವಳು ಚಿಕ್ಕವಳ ಬೆರಳು ಹಿಡಿದು ಒಂದೊಂದೇ ಮನೆ ದಾಟಿಸುತ್ತಾಳೆ. ಕೆಲವು ದಿನಗಳಲ್ಲಿ ಚಿಕ್ಕವಳು ಆ ಕೈಯನ್ನು ತಾನೇ ಸರಿಸುತ್ತಾಳೆ. ಬಲ್ಲವರ ನೆರವಿನಿಂದ ಇಂದು ಮಾಡಿದ್ದನ್ನು ಮಗು ನಾಳೆ ಒಂಟಿಯಾಗಿ ಮಾಡುತ್ತದೆ ಎಂದು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ (1896–1934) ವಿವರಿಸಿದ್ದು ಇದನ್ನೇ. ಕೂಡುಕುಟುಂಬದ ಮಕ್ಕಳಿಗೆ ಇದು ಹೊಸದಲ್ಲ, ಅವರು ಬೆಳೆಯುವುದೇ ಹೀಗೆ. ವಯಸ್ಸಿಗೊಂದು ಸಾಲು ಮಾಡಿ ಬೇರೆ ಕೂರಿಸಿದರೆ ಆ ಬಲವನ್ನು ನಾವೇ ಕಿತ್ತುಕೊಂಡಂತಾಗುತ್ತದೆ.

ಆಕಾರಗಳ ಪಾಠಕ್ಕೆ ಅಜ್ಜಿಯರನ್ನು ಕರೆಯುತ್ತೇನೆ. ಕಸೂತಿಯ ಬಟ್ಟೆ ಹಾಸಿ ಕನ್ನಡಿ, ಕವಡೆ, ಮುಮ್ಮೂಲೆಯ ತುಂಡುಗಳನ್ನು ತೋರಿಸುತ್ತಾರೆ. ಎಡಕ್ಕೆ ಇಟ್ಟದ್ದು ಬಲಕ್ಕೂ ಬರಬೇಕೆಂಬುದು ಮಕ್ಕಳಿಗೆ ಆಗಲೇ ಗೊತ್ತು.

ದೀಪಾವಳಿಯ ಹೊತ್ತಿಗೆ ಅನೇಕ ತಂದೆತಾಯಂದಿರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅಜ್ಜ ಅಜ್ಜಿಯರ ಬಳಿ ಉಳಿದ ಮಕ್ಕಳು ಸಣ್ಣದಕ್ಕೂ ಅಳುತ್ತಾರೆ, ಊಟ ಬಿಡುತ್ತಾರೆ. ಆ ತಿಂಗಳುಗಳಲ್ಲಿ ನಾನು ಅಕ್ಷರಕ್ಕೆ ಅವಸರಪಡುವುದಿಲ್ಲ. ಮೊಬೈಲ್‌ನಲ್ಲಿ ತಾಯಿಯೊಡನೆ ಮಾತನಾಡಿಸುತ್ತೇನೆ, ಪಕ್ಕದಲ್ಲಿ ಕೂತು ಉಣಿಸುತ್ತೇನೆ.

ಸಂಸ್ಕೃತಿಯದೆಂದು ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಐದು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನನ್ನು ಕೂರಿಸಿ ಕಳಿಸುತ್ತಾರೆ. ಅವಳ ವಯಸ್ಸಿನ ಹುಡುಗ ಬರಿಗೈಯಲ್ಲಿ ಓಡಿ ಬರುತ್ತಾನೆ. ತಾಯಂದಿರ ಸಭೆಯಲ್ಲಿ ಈ ಮಾತು ಎತ್ತಿದರೆ, “ಮತ್ತೆ ಕೂಸನ್ನು ಯಾರು ನೋಡಬೇಕು ಟೀಚರ್?” ಎನ್ನುತ್ತಾರೆ. ಕೂಲಿಗೆ ಹೋಗುವ ತಾಯಿ ಹಾಗೆ ಕೇಳುವುದು ನ್ಯಾಯವೇ. ಸದ್ಯಕ್ಕೆ ಆಟದ ಹೊತ್ತಿನಲ್ಲಿ ಕೂಸನ್ನು ಸಹಾಯಕಿ ಇಲ್ಲವೇ ನಾನು ಎತ್ತಿಕೊಳ್ಳುತ್ತೇವೆ. ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ತಾಂಡಾದೊಳಗೇ ಆಗಬೇಕೆಂದು ತಾಯಂದಿರ ಜೊತೆ ನಿಂತು ಕೇಳುತ್ತಿದ್ದೇನೆ.