ಅಟ್ಟದ ಸೇರಿಗೂ ಆಲ್ಬಮ್ಮಿನ ಫೋಟೊಗೂ ಬಾಯಿ ಬರಿಸುವುದು ಹೇಗೆ?

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಬೈಲ್ ಮುಖಕ್ಕೆ ಹಿಡಿದು "ನಿಮ್ಮ ಕಾಲ ಹೇಗಿತ್ತು ಹೇಳಿ" ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಉತ್ತರ ಎಲ್ಲ ಕಡೆ ಒಂದೇ: "ಆಗೆಲ್ಲಾ ಚೆನ್ನಾಗಿತ್ತಪ್ಪ." ವಿಡಿಯೊ ಮುಗೀತು. ಹಳೇ ಬದುಕಿನ ವಿವರ ಬೇಕಾದರೆ ಅಜ್ಜಿಯ ಕೈಗೆ ಏನಾದರೂ ಕೊಟ್ಟು ಮಾತಾಡಿಸಬೇಕು.

1. ಒಂದು ಅಡುಗೆಮನೆ ಸಾಕು. ಇಡೀ ಊರಿಗೆ ಕೈ ಹಾಕಬೇಡಿ. ಕಾಳು ಅಳೆಯುವ ಸೇರು, ಪಾವು, ಒನಕೆ, ಲಾಟೀನು, ಇದ್ದಿಲ ಇಸ್ತ್ರಿಪೆಟ್ಟಿಗೆ, ಹೀಗೆ ಸಿಕ್ಕಿದ್ದನ್ನು ಅಟ್ಟದಿಂದ ಇಳಿಸಿ. ಯಾವುದು ಏನೆಂದು ತಿಳಿಯದಿದ್ದರೆ ಇಂಥ ಹಳೇ ವಸ್ತುಗಳನ್ನು ಇಟ್ಟಿರುವ ರಾಮನಗರದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ.

2. ಉಜ್ಜಬೇಡಿ. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ತರುವವರಿದ್ದಾರೆ. ಬಿಂದಿಗೆಯ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಮದುವೆಯ ತಾರೀಕು ಇರಬಹುದು. ಉಜ್ಜಿದಷ್ಟೂ ಅದೇ ಸವೆಯುವುದು. ಪಾಲಿಶ್ ಪುಡಿಗಳಂತೂ ಬೇಡವೇ ಬೇಡ. ಒಣಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಕ್ಕಕ್ಕೊಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

3. ಫೋಟೊಗಳು. ಅಂಟುಹಾಳೆಯ ಆಲ್ಬಮ್‌ನಿಂದ ಕಿತ್ತರೆ ಮುಖವೇ ಹರಿದು ಬರುತ್ತದೆ. ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಫೋಟೊದ ಹಿಂದೆ ತೂರಿಸಿ ನಿಧಾನಕ್ಕೆ ಆಚೀಚೆ ಎಳೆಯಿರಿ; ಬಿಡದಿದ್ದರೆ ಇದ್ದಲ್ಲೇ ಸ್ಕ್ಯಾನ್ ಮಾಡಿ. ಸ್ಕ್ಯಾನಿನ ಸ್ಪಷ್ಟತೆ 600 ಡಿಪಿಐ ಇರಲಿ, ಫೋಟೊದ ಬೆನ್ನನ್ನೂ ಬಿಡಬೇಡಿ. ಸ್ಟುಡಿಯೊ ಮುದ್ರೆಯ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಆ ಮುದ್ರೆ 1972ರ ಆಗಸ್ಟ್ ನಂತರದ್ದು. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದಿರಬಹುದು, ಆದರೆ ಹಳೇ ಸೀಲನ್ನೇ ಒತ್ತುತ್ತಾ ಕೂತ ಅಂಗಡಿಯವರೂ ಇದ್ದಿರಬಹುದು ಅಲ್ವಾ? ಲ್ಯಾಮಿನೇಷನ್ ಮಾಡಿಸಬೇಡಿ. ಮಸುಕು ಮುಖ ಚೊಕ್ಕ ಮಾಡಿಕೊಡುವ ಆ್ಯಪ್‌ಗಳನ್ನೂ ನಂಬಬೇಡಿ, ಅವು ಇಲ್ಲದ ಕಣ್ಣುಮೂಗು ಬರೆದುಬಿಡುತ್ತವೆ.

4. ಕಥೆ ಕೇಳುವುದು. ಎಲ್ಲರೂ ಎಡವುವುದು ಇಲ್ಲೇ. ಮಿಕ್ಸಿ, ಟಿವಿ, ಫ್ಯಾನ್ ಆಫ್ ಮಾಡಿ. ಫೋನನ್ನು ಮುಖದ ಮುಂದೆ ಹಿಡಿಯದೆ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಮಾಡುತ್ತಿದ್ದೀರಿ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಿ. ಆಮೇಲೆ ಸೇರನ್ನು ಅವರ ಕೈಗೆ ಕೊಡಿ. "ಇದರಲ್ಲಿ ಏನು ಅಳೀತಿದ್ರಿ ಅಜ್ಜಿ? ತಲೆ ಕಟ್ಟಿಯೋ, ಮಟ್ಟಸವಾಗಿಯೋ? ಸಾಲ ಕೊಡುವಾಗಲೂ ಹಾಗೇನಾ, ವಾಪಸ್ ತಗೊಳ್ಳುವಾಗಲೂ ಹಾಗೇನಾ?" ಈ ಕೊನೆಯ ಪ್ರಶ್ನೆಗೆ ಅರ್ಧ ಊರಿನ ಜಗಳ ಹೊರಬರುತ್ತದೆ. ಅಳೆದು ತೋರಿಸಿ ಅನ್ನಿ. ಅಳೆಯುತ್ತಾ ಎಣಿಸುವಾಗ "ಒಂದು" ಅನ್ನುವ ಬದಲು "ಲಾಭ" ಅಂತ ಶುರು ಮಾಡುವುದು ಎಷ್ಟೋ ಮನೆಗಳ ರೂಢಿ. ಅದು ಪ್ರಶ್ನೆ ಕೇಳಿದರೆ ನೆನಪಾಗುವುದಲ್ಲ, ಕೈ ಅಳೆಯತೊಡಗಿದರೆ ಬಾಯಿಗೆ ತಾನಾಗಿ ಬರುತ್ತದೆ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. "ನಯಾಪೈಸೆ ಬರೋಕೆ ಮುಂಚೆಯಾ, ಆಮೇಲಾ?" ಅಂತ ಕೇಳಿ, ರೂಪಾಯಿಗೆ ನೂರರ ಲೆಕ್ಕದ ಆ ಹೊಸ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಕಿಲೊ ಲೆಕ್ಕವೂ ಬಂತು. ಅವರು ಸುಮ್ಮನಾದರೆ ನೀವೂ ಸುಮ್ನೆ ಕೂತಿರಿ, ಅವಸರದಲ್ಲಿ ಮುಂದಿನ ಪ್ರಶ್ನೆ ಹಾಕಿದರೆ ಬರಬೇಕಾದ ಮಾತು ನಿಂತುಹೋಗುತ್ತದೆ. ತಪ್ಪು ಹೇಳಿದರು ಅನಿಸಿದರೆ ತಿದ್ದಬೇಡಿ, ಆಮೇಲೆ ಇನ್ನೊಬ್ಬರನ್ನು ಕೇಳಿ. ಮುಖ್ಯವಾಗಿ, ಒನಕೆಯ ಬಗ್ಗೆ ಅಜ್ಜನನ್ನು ಕೇಳಬೇಡಿ! ಜಗಲಿಯಲ್ಲಿ ಕೂತು ಎಲ್ಲದಕ್ಕೂ ಅವರೇ ಉತ್ತರಿಸುತ್ತಾರೆ, ಕುಟ್ಟಿದವರು ಒಳಗಿರುತ್ತಾರೆ. ಹೊಲದಲ್ಲಿ ದುಡಿದು ಅದೇ ಸೇರಿನಲ್ಲಿ ಕೂಲಿಯ ರಾಗಿ ಅಳೆಸಿಕೊಂಡವರ ಮನೆಗೂ ಹೋಗಿ. ಸೇರು ತುಂಬುತ್ತಿತ್ತೋ ಇಲ್ಲವೋ ಅವರೇ ಹೇಳಬೇಕು.

5. ಎತ್ತಿಡುವುದು. ಬರೀ ನಂಬರಿನ ಫೈಲ್ ಬಿಡಬೇಡಿ: ವಸ್ತು, ಮನೆ, ಹೇಳಿದವರು, ದಿನ, ಇಷ್ಟನ್ನೂ ಹೆಸರಿನಲ್ಲೇ ಬರೆಯಿರಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಫೋಟೊ ಕುಗ್ಗಿಹೋಗುತ್ತದೆ, ಅದನ್ನೇ ಸಂಗ್ರಹ ಅಂದುಕೊಳ್ಳಬೇಡಿ. ಮೂಲ ಫೈಲ್ ಒಂದು ಹಾರ್ಡ್ ಡಿಸ್ಕ್‌ನಲ್ಲಿರಲಿ, ಅದರದೇ ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿ.